ಇದ್ದರೂ ಕಳಿಸಿ

ಸುಶೀಲಮ್ಮನವರಿಗೆ ತೆಲುಗು ಬರುತ್ತಿರಲಿಲ್ಲ. ಬರುತ್ತದೆ ಅಂದುಕೊಂಡಿದ್ದರು, ಕೇಡು ಬಂದದ್ದೇ ಅದರಿಂದ. ಬರುವುದಿಲ್ಲ ಅಂತ ಒಪ್ಪಿಕೊಂಡವರು ಎರಡು ಸಲ ಕೇಳಿ ತಿಳಿದುಕೊಳ್ಳುತ್ತಾರೆ. ಬರುತ್ತದೆ ಅಂದುಕೊಂಡವರು ಅರ್ಧ ಕೇಳಿಸಿಕೊಂಡು ಪೂರ್ತಿ ಮಾಡಿ ಮುಗಿಸುತ್ತಾರೆ. ತಿಪಟೂರಿನ ಕಡೆಯಿಂದ ಮಗನ ಹಿಂದೆ ವಿಶಾಖಪಟ್ಟಣಕ್ಕೆ ಬಂದು, ಮಲ್ಕಾಪುರದ ಬಾಡಿಗೆ ಮನೆಯಲ್ಲಿ ಅವರು ಮೂರು ವರ್ಷ ಕಳೆದಿದ್ದರು. ತರಕಾರಿಯವಳ ಹತ್ತಿರ "ಎಂತ? ತಗ್ಗಿಂಚು", ಎಷ್ಟು, ಕಮ್ಮಿ ಮಾಡು, ಅನ್ನುವಷ್ಟು ಕಲಿತಿದ್ದರು. ಅಷ್ಟಕ್ಕೇ ಪಂಡಿತೆಯಾಗಿಬಿಟ್ಟಿದ್ದರು.

ಮಗ ಇಂದುಧರ ನೌಕಾಪಡೆಯಲ್ಲಿದ್ದ. ಸೊಸೆ ಚಂಪಾ. ಮದುವೆಯಾಗಿ ಎರಡು ವರ್ಷ. ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದದ್ದು ಬಿಡಿಬಿಡಿ ದಿನಗಳನ್ನೆಲ್ಲ ಕೂಡಿಸಿದರೂ ಒಂದು ಮಳೆಗಾಲದಷ್ಟು. ಮಿಕ್ಕ ದಿನವೆಲ್ಲ ಅವನು ನೀರಿನ ಮೇಲೆ, ಇವಳು ಅತ್ತೆಯ ಕಣ್ಣ ಮುಂದೆ. ಇಂದುಧರ ಒಳ್ಳೆಯವನೇ, ಆದರೆ ಎಂಥ ಸಂಕೋಚದ ಪ್ರಾಣಿ ಅಂತೀರಿ! ತಾಯಿಯ ಎದುರು ಹೆಂಡತಿಯ ಹೆಸರು ಹಿಡಿದರೆ ನಾಲಗೆ ಸುಟ್ಟುಹೋದೀತು ಅನ್ನುವ ಹಾಗೆ "ಇವಳೇ, ನೋಡಿಲ್ಲಿ" ಅನ್ನುತ್ತಿದ್ದ. ಇಬ್ಬರೇ ಬೀಚಿಗೆ ಹೋದಾಗ ಮಾತ್ರ, ಅದೂ ಅಲೆ ಜೋರಾಗಿ ಬಡಿಯುವ ಹೊತ್ತು ನೋಡಿಕೊಂಡು, "ಚಂಪೀ" ಅನ್ನುತ್ತಿದ್ದ. ಅವಳು "ಓ" ಅನ್ನುತ್ತಿದ್ದಳು. ಪಕ್ಕದಲ್ಲೇ ಕೂತವಳನ್ನು ಕರೆಯುವುದು, ಪಕ್ಕದಲ್ಲೇ ಕೂತವನಿಗೆ ಓಗೊಡುವುದು. ಅವರ ಸರಸವೆಲ್ಲ ಇಷ್ಟೇ.

ಹಡಗಿಗೆ ಹೋದವನು ಕಾಗದ ಬರೆಯುತ್ತಿರಲಿಲ್ಲ, ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದ. ಆ ಕಾಲದಲ್ಲಿ ನೌಕಾಪಡೆಯವರ ಮನೆಗಳಲ್ಲಿ ಅದು ವಾಡಿಕೆ. ಕ್ಯಾಸೆಟ್ಟು ಬಂತೆಂದರೆ ಸುಶೀಲಮ್ಮ ನಡುಮನೆಯ ದೊಡ್ಡ ಟೂ-ಇನ್-ವನ್ ಮೇಲಿನ ಕಸೂತಿ ಬಟ್ಟೆ ತೆಗೆದು, ಪಕ್ಕದ ಮನೆಯ ಹೊನ್ನಪ್ಪನವರನ್ನೂ ಕೂಗುತ್ತಿದ್ದರು. ಗದಗಿನ ಕಡೆಯ ಈ ನಿವೃತ್ತ ನಾವಿಕ ಕುರ್ಚಿ ಎಳೆದುಕೊಂಡು ಕೂತ ಮೇಲೆ ಬೀದಿಯ ಇನ್ನೆರಡು ಮನೆಯವರೂ ಬಂದು ನಿಲ್ಲುತ್ತಿದ್ದರು. ಮಗನ ಧ್ವನಿ ಮನೆ ತುಂಬ: "ಅವ್ವಾ, ಚೆನ್ನಾಗಿದೀಯಾ? ಹೊನ್ನಪ್ಪನವ್ರೇ, ಕಾಲುನೋವು ಹೇಗಿದೆ?" ಎಲ್ಲರ ಯೋಗಕ್ಷೇಮ ಮುಗಿದು ಟೇಪು ತೀರುವ ಹೊತ್ತಿಗೆ ಒಂದು ಕೆಮ್ಮು, ಆಮೇಲೆ, "ನಿನ್ನ ಸೊಸೆಗೂ ಹೇಳು." ಅಷ್ಟೇ! ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತ ಚಂಪಾಳ ಪಾಲಿಗೆ ಬರುತ್ತಿದ್ದದ್ದು ಆ ಮೂರು ಪದ. ಏನು ಹೇಳಬೇಕು ಅಂತ ಅವನೂ ಹೇಳುತ್ತಿರಲಿಲ್ಲ, ಅತ್ತೆಯೂ ಕೇಳುತ್ತಿರಲಿಲ್ಲ.

ಎಂಬತ್ತೆರಡನೇ ಇಸವಿಯಲ್ಲಿ ಅವನ ಹಡಗು ಹೊರದೇಶಗಳ ಕಡೆ ಆರು ತಿಂಗಳಿಗೆ ಅಂತ ಹೊರಟಿತು. ಹೊರಡುವ ಮುಂಚೆ ಪೆಟ್ಟಿಗೆ ಕಟ್ಟುತ್ತ ಕೂತಿದ್ದವನಿಗೆ ಚಂಪಾ ಬಾಯಿಬಿಟ್ಟು ಕೇಳಿದಳು.

"ರೀ, ಈ ಸಲ ಟೇಪಲ್ಲಿ ಒಂದ್ಸಲ ನನ್ನ ಹೆಸರು ಹಿಡಿದು ಕರೀರಿ."

"ಊರೆಲ್ಲ ಕೂತು ಕೇಳೋ ಟೇಪಲ್ಲಾ? ಅವ್ವ ಇರ್ತಾಳೆ, ಹೊನ್ನಪ್ಪನವ್ರು ಇರ್ತಾರೆ. ಮಾನ ಹೋಗುತ್ತೆ ಕಣೆ."

"ಹೆಂಡ್ತಿ ಹೆಸರು ಹೇಳಿದ್ರೆ ಹೋಗೋ ಮಾನ ಇದ್ದರೆಷ್ಟು, ಬಿಟ್ಟರೆಷ್ಟು? ನೀವು ಕರೀರಿ, ನಾನಿಲ್ಲಿಂದ 'ಓ' ಅಂತೀನಿ."

ಅವನು ನಕ್ಕ. "ಏನಾದರೂ ಉಪಾಯ ಮಾಡ್ತೀನಿ, ಇರು" ಅಂದ. ಆ ಮಾತನ್ನು ಗಂಟು ಕಟ್ಟಿಕೊಂಡು ಚಂಪಾ ಕಾದಳು. ಸಂಜೆ ನೀರು ಹಿಡಿಯುವಾಗ, ಅಕ್ಕಿ ಆರಿಸುವಾಗ, ಬಂದರಿನ ಕಡೆಯಿಂದ ಹಡಗಿನ ಕೂಗು ಕೇಳಿದಾಗ ಅವಳ ಕಿವಿ ತಾನಾಗಿ ನಿಮಿರುತ್ತಿತ್ತು. ಕಣ್ಣಿನ ಹಸಿವಿಗೆ ಗೋಡೆಯ ಮೇಲೆ ಫೋಟೋ ಇತ್ತು. ಕಿವಿಯ ಹಸಿವಿಗೆ ಏನೂ ಇರಲಿಲ್ಲ.

ಎರಡು ತಿಂಗಳ ಮೇಲೆ, ಚಂಪಾ ನೌಕಾಪಡೆಯ ಕ್ಯಾಂಟೀನಿಗೆ ಹೋಗಿದ್ದ ಒಂದು ಬೆಳಿಗ್ಗೆ, ರಾಮಮೋಹನ್ ಮನೆಗೆ ಬಂದ. ಅದೇ ಹಡಗಿನವನು, ಶ್ರೀಕಾಕುಳಂ ಕಡೆಯ ತೆಲುಗಿನವ. ತಂದೆಗೆ ಹುಷಾರಿಲ್ಲ ಅಂತ ರಜೆ ಪಡೆದು ಸಿಂಗಾಪುರದಿಂದ ಹಿಂದಿರುಗಿದ್ದ, ಊರಿನ ಬಸ್ಸಿಗೆ ಅವಸರದಲ್ಲಿದ್ದ. ಚೀಲದಿಂದ ನೀಲಿ ಬಣ್ಣದ ಒಂದು ಪುಟ್ಟ ಪೆಟ್ಟಿಗೆ ತೆಗೆದ. ವೀಳ್ಯದೆಲೆಯ ಡಬ್ಬಿಗಿಂತ ಚೂರು ದೊಡ್ಡದು. ಒಳಗೆ ಒಂದು ಕ್ಯಾಸೆಟ್ಟು. ತಲೆಗೆ ಹಾಕಿಕೊಳ್ಳುವ ಕಮಾನಿನಂಥ ಹೆಡ್‌ಫೋನು, ಒಂದಲ್ಲ, ಎರಡು. ಪೆಟ್ಟಿಗೆಯಲ್ಲಿ ಅವಕ್ಕೆ ಅಕ್ಕಪಕ್ಕ ಎರಡು ತೂತು. ಮೇಲೊಂದು ಕಿತ್ತಳೆ ಬಣ್ಣದ ಗುಂಡಿ. ಅದನ್ನು ಒತ್ತಿ ಹಿಡಿದರೆ ಹಾಡು ಸಣ್ಣಗಾಗಿ, ಕೇಳುತ್ತಿರುವ ಇಬ್ಬರೂ ಒಬ್ಬರಿಗೊಬ್ಬರು ಮಾತಾಡಬಹುದು, ಮಾತು ಹೆಡ್‌ಫೋನಿನಲ್ಲೇ ಕಿವಿಗೆ ಬರುತ್ತದೆ. ಇದನ್ನೆಲ್ಲ ರಾಮಮೋಹನ್ ಕೈಸನ್ನೆಯಲ್ಲಿ ತೋರಿಸಿದ.

"ಪಕ್ಕದಲ್ಲಿ ಕೂತೋರ ಜೊತೆ ಮಾತಾಡೋಕೂ ಯಂತ್ರ ಬೇಕಾ? ದೇವರು ಬಾಯಿ ಕೊಟ್ಟಿಲ್ವಾ?" ಅಂದರು ಸುಶೀಲಮ್ಮ. ಹೊನ್ನಪ್ಪನವರೂ ಬೇಲಿಯಾಚೆಯಿಂದ ಕತ್ತು ಚಾಚಿದರು. "ರಿಕಾರ್ಡ್ ಮಾಡಾಕ ಬರಂಗಿಲ್ಲ, ನಾಕು ಮಂದಿ ಕೂಡಿ ಕೇಳಾಕ ಬರಂಗಿಲ್ಲ. ಕಿವ್ಯಾಗ ಬೂಚು ಹಾಕ್ಕೊಂಡು ಒಬ್ಬಾಂವ ಹಾಡು ಕೇಳೋದಂದ್ರ ಹುಚ್ಚರ ಸಂತಿ. ಇದು ಆರು ತಿಂಗಳು ನಡಿಯಾಕಿಲ್ಲ ತಗೀರಿ!"

ಹೊನ್ನಪ್ಪನವರೊಬ್ಬರೇ ಅಲ್ಲ ಬಿಡಿ, ಆಗ ಲೋಕವೆಲ್ಲ ಹಾಗೇ ನಕ್ಕಿತ್ತು. ಹತ್ತು ವರ್ಷ ಕಳೆಯುವುದರೊಳಗೆ ಋಷಿಕೊಂಡದ ಮರಳಿನಲ್ಲಿ ಕೂತ ಕಾಲೇಜು ಹುಡುಗರು, ರೈಲಿನ ಮೇಲಿನ ಬರ್ತಿನಲ್ಲಿ ಮಲಗಿದವರು, ಬೀಚ್ ರೋಡಿನಲ್ಲಿ ಬೆಳಗಿನ ಹೊತ್ತು ಬಿರಬಿರನೆ ನಡೆಯುವ ದೊಡ್ಡ ಹೊಟ್ಟೆಯವರು, ಎಲ್ಲರ ಕಿವಿಯಲ್ಲೂ ಅದೇ ಬೂಚು. ಹೊನ್ನಪ್ಪನವರೇ ಒಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವಚನ ಕೇಳುತ್ತ, ಕರೆದವರಿಗೆ ಓಗೊಡದೆ ಹೋಗುತ್ತಿದ್ದರು. ಇರಲಿ, ಅದು ಆಮೇಲಿನ ಮಾತು.

ರಾಮಮೋಹನ್ ಕಿವಿಗಿಡಲು ಬಂದರೆ ಸುಶೀಲಮ್ಮ ತಲೆ ಕೊಡವಿದರು. "ಕರೆಂಟು ಗಿರೆಂಟು ಹೊಡೆದೀತು, ಬೇಡಪ್ಪ." ಒಂದೇ ಒಂದು ನಿಮಿಷ ಕಿವಿಗಿಟ್ಟುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತ, ಬಸ್ಸಿನ ಅವಸರದಲ್ಲಿ ಹೇಳಿದ:

"ವದಿನಕಿ ಇವ್ವಂಡಿ. ಇದ್ದರೂ ಕಲಿಸಿ ವಿನಾಲಟ."

ತೆಲುಗಿನಲ್ಲಿ ವದಿನ ಅಂದರೆ ಅತ್ತಿಗೆ. ಗೆಳೆಯನ ಹೆಂಡತಿಯನ್ನು ಅವನು ಹಾಗೆ ಕರೆಯುತ್ತಿದ್ದ. ಅತ್ತಿಗೆಗೆ ಕೊಡಿ, ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂತು ಕೇಳಬೇಕಂತೆ, ಇಷ್ಟೇ ಅವನು ಹೇಳಿದ್ದು. ಎರಡು ಹೆಡ್‌ಫೋನು ಅದಕ್ಕೇ. ಸದ್ಯಕ್ಕೆ ಒಂದರಲ್ಲಿ ಅವಳು ಕೇಳಲಿ, ಇನ್ನೊಂದು ತಾನು ಬರುವ ತನಕ ಕಾದಿರಲಿ ಅಂತ ಇಂದುಧರನ ಆಸೆ. ಆದರೆ ಸುಶೀಲಮ್ಮನವರ ಕಿವಿಗೆ ವದಿನ ನಾದಿನಿಯಾಯಿತು, ಕಲಿಸಿ ಕಳಿಸಿಯಾಯಿತು. ಇದ್ದರೂ ಅಂತೂ ಅಪ್ಪಟ ಕನ್ನಡವೇ ಆಗಿಹೋಯಿತು. "ನಾದಿನಿಗೆ, ಇದ್ದರೂ ಕಳಿಸಿ!" ಕೊನೆಯ ಪದ ಅರ್ಥವಾಗಲಿಲ್ಲ, ಅದನ್ನು ಬಿಟ್ಟರು. ಒಳಗಿನ ಕ್ಯಾಸೆಟ್ಟು ಯಾವುದೋ ಹಾಡಿನದಿರಬೇಕು ಅಂದುಕೊಂಡರು. ಸೊಸೆಯ ನಾದಿನಿ ಅಂದರೆ ಯಾರು? ವಿಜಯವಾಡದಲ್ಲಿರುವ ತಮ್ಮ ಮಗಳು ಮಂಗಳಾಗೌರಿ. ಅವಳ ಮನೆಯಲ್ಲಿ ಹಾಸಿಗೆ ಸುರುಳಿಯಷ್ಟು ದೊಡ್ಡ ಟೇಪ್ ರಿಕಾರ್ಡರು ಇದೆ. ಇದ್ದರೂ ಕಳಿಸಿ ಅಂದಿದ್ದಾನೆ ನನ್ನ ಮಗ! ತಂಗಿಯ ಮೇಲೆ ಎಷ್ಟು ಪ್ರೀತಿ ನೋಡಿ ಅಂತ ಕಣ್ಣೊರೆಸಿಕೊಂಡರು. ಮಂಗಳಾಳ ಗಂಡ ದುರ್ಗಾಪ್ರಸಾದ್‌ಗೆ ಆಟೋನಗರದಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡಿತ್ತು. ಅಲ್ಲಿಗೆ ಹೋಗುವ ಲಾರಿಯ ಡ್ರೈವರೊಬ್ಬ ಅದೇ ಮಧ್ಯಾಹ್ನ ಬಂದರಿನಲ್ಲಿದ್ದ. ಒಳ್ಳೆಯ ಕೆಲಸಕ್ಕೆ ನೂರು ವಿಘ್ನ ಅಂತಾರೆ, ಇದಕ್ಕೆ ಒಂದೂ ಬರಲಿಲ್ಲ.

ಚಂಪಾ ಬರುವ ಹೊತ್ತಿಗೆ ಟೇಬಲ್ಲಿನ ಮೇಲೆ ಉಳಿದದ್ದು ರಾಮಮೋಹನ್ ಜೊತೆಗೆ ತಂದಿದ್ದ ಒಂದು ಪೌಡರಿನ ಡಬ್ಬಿ.

"ನಂಗೇನೂ ಹೇಳಿ ಕಳಿಸಲಿಲ್ವಾ ಅತ್ತೆ?"

"ಇಲ್ಲ ಕಣಮ್ಮ. ಮಂಗಳಾಗೆ ಅದೇನೋ ಕಿವೀಗಿಟ್ಕೊಳ್ಳೋ ಪೆಟ್ಟಿಗೆ ಕಳಿಸಿದ್ದ, ಕಳಿಸ್ದೆ. ಪೌಡರು ನೀನೇ ಇಟ್ಕೋ."

ಉಪಾಯ ಮಾಡುತ್ತೇನೆ ಅಂದವನ ಉಪಾಯ ಪೌಡರು! ಚಂಪಾ ಆ ಡಬ್ಬಿಯ ಮುಚ್ಚಳವನ್ನೂ ತೆಗೆಯಲಿಲ್ಲ. ತಂಗಿಯ ನೆನಪಾಗಲಿ, ಬೇಡ ಅಂದವರಾರು, ಆದರೆ ನನ್ನ ನೆನಪು ಇಷ್ಟೇನಾ ಅಂತ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಆಮೇಲಾಮೇಲೆ ಅಳುವುದನ್ನೂ ಬಿಟ್ಟಳು. ಹಡಗು ಕೂಗಿದರೆ ಕಿವಿ ನಿಮಿರುವುದೂ ನಿಂತಿತು.

ಒಂದು ತಿಂಗಳ ಮೇಲೆ ರಜೆ ಮುಗಿಸಿ ಬಂದ ರಾಮಮೋಹನ್ ಬೀದಿಯಲ್ಲಿ ಎದುರಾದ. "ಏಂ ವದಿನಾ, ವಿನ್ನಾರಾ?" ಕೇಳಿದಿರಾ ಅತ್ತಿಗೆ, ಅಂತ. ಏನನ್ನು ಕೇಳುವುದು? ಚಂಪಾಳಿಗೆ ತೆಲುಗು ಅತ್ತೆಗಿಂತ ವಾಸಿಯಾಗಿ ಬರುತ್ತಿತ್ತು. ಅವನು ಮೊದಲಿಂದ ಬಿಡಿಸಿ ಹೇಳಿದ. ಹಡಗಿನ ಮೇಲೆ ಇಂದುಧರ ಯಾರದೋ ರಿಕಾರ್ಡರು ಇಸಕೊಂಡು, ಜನರಿಲ್ಲದ ಹೊತ್ತು ಹುಡುಕಿ ಹುಡುಕಿ ಆ ಕ್ಯಾಸೆಟ್ಟು ತುಂಬಿಸಿದ್ದನ್ನು ನೆನೆದು ನಕ್ಕ. "ಇದಕ್ಕೆ ಸ್ಪೀಕರೇ ಇಲ್ಲ, ಅವಳೊಬ್ಬಳೇ ಕೇಳೋದು" ಅಂತ ಅವನು ಹಡಗೆಲ್ಲ ಹೇಳಿಕೊಂಡು ತಿರುಗಿದ್ದನಂತೆ. ಚಂಪಾ ಬೀದಿಯ ನಡುವೆಯೇ ಸೆರಗು ಬಾಯಿಗೊತ್ತಿಕೊಂಡಳು.

ಮನೆಗೆ ಬಂದು ಅತ್ತೆಯ ಎದುರು ನಿಂತಳು. ಎರಡು ವರ್ಷದಲ್ಲಿ ಮೊದಲ ಸಲ ಗಂಟಲು ಏರಿಸಿದಳು. "ವದಿನ ಅಂದ್ರೆ ನಾನು ಅತ್ತೆ! ಕಲಿಸಿ ಅಂದ್ರೆ ಒಟ್ಟಿಗೆ!"

ಸುಶೀಲಮ್ಮ ಅಷ್ಟು ಸುಲಭಕ್ಕೆ ಸೋಲುವವರಲ್ಲ. "ಕಳಿಸಿ ಅಂದ, ಕಳಿಸ್ದೆ. ಒಟ್ಟಿಗೆ ಅನ್ನೋಕೆ ಒಟ್ಟಿಗೆ ಅಂತ ಅನ್ನಬಾರದಾ ಆ ಮನುಷ್ಯ?" ಅಂತ ಗೊಣಗಿದರು. ಆಮೇಲೆ ಸೊಸೆಯ ಮುಖ ನೋಡಿ ಮೆತ್ತಗಾದರು. "ಅಯ್ಯೋ ಶಿವನೇ, ನಂಗೇನು ಗೊತ್ತು. ನಾಳೆ ಬೆಳಿಗ್ಗೆ ರೈಲಿಗೇ ಹೋಗು, ನೀನೇ ತಗೊಂಡ್ಬಾ."

ತುನಿ, ಸಾಮಲಕೋಟ, ರಾಜಮಂಡ್ರಿ. ಗೋದಾವರಿಯ ಸೇತುವೆಯ ಮೇಲೆ ರೈಲು ಧಡಧಡ ಓಡುವಾಗ ಎಲ್ಲರೂ ಕಾಸು ಎಸೆದು ಕೈಮುಗಿದರು. ಚಂಪಾಳೂ ಮುಗಿದಳು. ತಾಯೀ, ಅವರು ಹೆಸರು ಹಿಡಿದು ಕರೆದಿರಲಿ.

ಮಂಗಳಾಗೌರಿಯ ಮನೆ ಶೆಡ್ಡಿನ ಹಿಂದೆಯೇ. ತಿಪಟೂರಿಗೆ ಕೊಬ್ಬರಿ ಲೋಡಿಗೆ ಬಂದ ದುರ್ಗಾಪ್ರಸಾದ್ ಕೊಬ್ಬರಿಯ ಜೊತೆ ಹುಡುಗಿಯನ್ನೂ ಹೇರಿಕೊಂಡು ಹೋದ ಅಂತ ಊರು ಹತ್ತು ವರ್ಷದ ಹಿಂದೆ ನಕ್ಕಿತ್ತು. ಶೆಡ್ಡಿನಲ್ಲಿ ಸುತ್ತಿಗೆ, ಗರಗಸ, ವೆಲ್ಡಿಂಗು. ಎದುರೆದುರು ನಿಂತವರೂ ಕಿರುಚಿ ಮಾತಾಡಬೇಕು. ದುರ್ಗಾಪ್ರಸಾದ್ "ರಾಮ್ಮಾ ಚೆಲ್ಲೆಮ್ಮಾ!" ಅಂತ ತಂಗಿಯನ್ನು ಕರೆವಂತೆ ಕರೆದು ಒಳಗೆ ಕೈತೋರಿಸಿದ.

ಹಿತ್ತಿಲ ಕಲ್ಲುಬೆಂಚಿನ ಮೇಲೆ ಮಂಗಳಾ ಕೂತಿದ್ದಳು. ಮಡಿಲಲ್ಲಿ ಹುರುಳಿಕಾಯಿ, ತಲೆಯ ಮೇಲೆ ಆ ಕಮಾನು, ಕಣ್ಣು ಮುಚ್ಚಿತ್ತು. ತುಟಿ ಮಾತ್ರ ಆಡುತ್ತಿತ್ತು. ಟೇಪಿಗಿಂತ ಒಂದು ಪದ ಮುಂದಾಗಿಯೇ ಮಾತುಗಳನ್ನು ಉಸುರುತ್ತಿದ್ದಳು. ಚಂಪಾಳ ನೆರಳು ಬಿದ್ದದ್ದೇ ಕಣ್ಣು ತೆರೆದು, ಕದ್ದು ಸಿಕ್ಕಿಬಿದ್ದವಳಂತೆ ಹೆಡ್‌ಫೋನು ಕಿತ್ತಳು. ವಯಸ್ಸಿನಲ್ಲಿ ಅವಳೇ ದೊಡ್ಡವಳು, ವರಸೆಯಲ್ಲಿ ಚಿಕ್ಕವಳು.

"ಅತ್ತಿಗೇ!"

"ಅದು ನಂದು ಮಂಗಳಾ" ಅಂದಳು ಚಂಪಾ. ನೀರು ಕೇಳಬೇಕಾದವಳು, ಕ್ಷೇಮ ಕೇಳಬೇಕಾದವಳು, ಮೊದಲು ಅಂದದ್ದೇ ಅದು.

"ಗೊತ್ತು ಅತ್ತಿಗೆ. ಮೊದಲನೇ ಮಾತಿಗೇ ಗೊತ್ತಾಯ್ತು."

"ಗೊತ್ತಾಗಿಯೂ ಇಟ್ಕೊಂಡ್ಯಾ? ನಾನಲ್ಲಿ ಒಂದು ತಿಂಗಳು ಸತ್ತು ಬದುಕಿದೀನಿ! ಗಂಡ ಹೆಂಡ್ತಿ ಮಾತು ಕೇಳೋಕೆ ನಾಚಿಕೆ ಆಗಲಿಲ್ವಾ ನಿಂಗೆ?"

ಮಂಗಳಾ ತಲೆ ಎತ್ತಲಿಲ್ಲ. "ನಾಚಿಕೆ ಆಯ್ತು ಅತ್ತಿಗೆ. ನಾಳೆ ಕಳಿಸ್ತೀನಿ, ನಾಳೆ ಕಳಿಸ್ತೀನಿ ಅಂತ ದಿನಾ ಅಂದ್ಕೊಂಡೆ. ಇವರು ಮೊದಲು ನಕ್ಕರು. ರಿಕಾರ್ಡ್ ಚೆಯ್ಯದು, ಸ್ಪೀಕರು ಲೇದು, ಇದೆಂಥಾ ಟೇಪ್ ರಿಕಾರ್ಡರು ಅಂತ. ಆಮೇಲೆ ಒಂದಿನ ಶೆಡ್ಡಲ್ಲಿ ಹಾಕ್ಕೊಂಡು ನೋಡಿದರು. ಆ ಗಲಾಟೇಲೂ ಹಾಡು ಕಿವೀಲಿ ಹೇಳಿದಂಗೆ ಕೇಳುತ್ತಲ್ಲ, ಈಗ ನಾಕು ತರಿಸಿಕೊಡಿ ಅಂತ ಸಿಕ್ಕಿದೋರ ಹತ್ರ ಕೇಳ್ತಾರೆ. ನಂಗೆ ಹಾಡು ಬೇಡ ಅತ್ತಿಗೆ. ನಂಗೆ ಅದರೊಳಗಿನ ಮಾತು ಬೇಕಾಗಿತ್ತು."

"ಯಾವ ಮಾತು?"

"ಯಾವುದಾದ್ರೂ. 'ಊಟ ಆಯ್ತೇನೆ?' ಅಂತಾನೆ ಅದರಲ್ಲಿ. ನಮ್ಮೂರ ಕೆರೆ ನೆನೆಸ್ಕೋತಾನೆ, ಅವ್ವನ ಹುರುಳಿ ಸಾರು ನೆನೆಸ್ಕೋತಾನೆ. ಹತ್ತು ವರ್ಷ ಆಯ್ತು ನಾನು ಇಲ್ಲಿಗೆ ಬಂದು. ಇವರು ಒಳ್ಳೆಯವರೇ, ಯಾವುದಕ್ಕೂ ಕಮ್ಮಿ ಮಾಡಿಲ್ಲ. ಆದ್ರೆ ಈ ಮನೇಲಿ ಕನ್ನಡ ಅಂದ್ರೆ ನಾನೊಬ್ಬಳೇ. ಮಕ್ಕಳನ್ನ ಕೂಗಿದ್ರೆ 'ಏಂಟಮ್ಮಾ' ಅಂತವೆ. ಒಂದು 'ಓ' ಅನ್ನಲ್ಲ ಅತ್ತಿಗೆ, ನನ್ನ ಹೊಟ್ಟೇಲಿ ಹುಟ್ಟಿದವು." ಅವಳು ಮಡಿಲಿನ ಹುರುಳಿಕಾಯಿ ಪಕ್ಕಕ್ಕೆ ಸರಿಸಿದಳು. "ನಿಮ್ಮ ಹೆಸರು ಬರೋ ಜಾಗದಲ್ಲಿ ಮೊದಮೊದಲು ಕಿವಿಯಿಂದ ತೆಗೀತಿದ್ದೆ. ಸುಳ್ಳು ಯಾಕೆ ಹೇಳ್ಲಿ, ಆಮೇಲಾಮೇಲೆ ತೆಗೀಲಿಲ್ಲ."

ನಿಮ್ಮ ಹೆಸರು ಬರೋ ಜಾಗ! ಚಂಪಾಳ ಕೋಪವೆಲ್ಲ ಎತ್ತ ಹೋಯಿತೋ. ಕರೆದಿದ್ದಾನೆ, ಕರೆದಿದ್ದಾನೆ. ಅವಳು ಬೆಂಚಿನ ಮೇಲೆ ಕುಸಿದು ಕೂತು ಕೈ ಚಾಚಿದಳು. ಮಂಗಳಾ ಕೊಡಲಿಲ್ಲ. ಪೆಟ್ಟಿಗೆಯನ್ನು ಎದೆಗವಚಿಕೊಂಡು ಅಳುತ್ತ ಹೇಳಿದಳು.

"ಇನ್ನೂ ಒಂದು ಮಾತಿದೆ ಅತ್ತಿಗೆ, ಹೊಡೀರಿ ಬೇಕಾದ್ರೆ. ಹೋದ ವಾರ ಬ್ಯಾಟರಿ ಸೊರಗಿ ಟೇಪು ಒಳಗೆ ಸಿಕ್ಕಾಕ್ಕೊಂಡ್ತು. ಇವರು ಬಿಡಿಸಿದರು. ನುಜ್ಜುಗುಜ್ಜಾಗಿದ್ದ ಒಂದು ಗೇಣು ಕತ್ತರಿಸಿ ಎಸೆದು, ಮಿಕ್ಕಿದ್ದನ್ನ ಅಂಟಿಸಿ ಕೊಟ್ಟರು. ಕೇಳಿ ನೋಡಿದ್ರೆ ಅದೇ ಗೇಣು ಅತ್ತಿಗೆ. ಬೇರೆ ಎಲ್ಲಾನೂ ಇದೆ. ಅದೇ ಇಲ್ಲ."

ಶೆಡ್ಡಿನಲ್ಲಿ ಸುತ್ತಿಗೆಯ ಪೆಟ್ಟು ಬೀಳುತ್ತಲೇ ಇತ್ತು. ಚಂಪಾ ಚಾಚಿದ ಕೈ ಹಿಂದೆಗೆದುಕೊಂಡಳು. ಬೈಯುವುದಾದರೂ ಯಾರನ್ನು? ಅತ್ತೆಯನ್ನೋ, ಇವಳನ್ನೋ, ಬ್ಯಾಟರಿಯನ್ನೋ? ಬಾಯಿಬಿಟ್ಟು ಬೇಡಿದ್ದು ಒಂದೇ ಒಂದು. ಅದೊಂದನ್ನೇ ಕತ್ತರಿಸಿ ಗುಡಿಸಿ ಎಸೆದಿದ್ದಾರೆ. ಹಡಗು ಬರುವುದಕ್ಕೆ ಇನ್ನೂ ಮೂರು ತಿಂಗಳು. ಬಂದರೂ ಏನು, ಅವ್ವನ ಮುಂದೆ "ಇವಳೇ" ಅಂತಲೇ ಅನ್ನುವವನು. ಕೊನೆಗೆ ಮಂಗಳಾಳ ಕೈಯಿಂದ ಪೆಟ್ಟಿಗೆ ತೆಗೆದುಕೊಂಡಳು. ಎರಡನೇ ಹೆಡ್‌ಫೋನು ಪ್ಲಾಸ್ಟಿಕ್ ಚೀಲದಲ್ಲಿ ಹೊಸದಾಗಿಯೇ ಇತ್ತು. ಅದನ್ನು ಬಿಚ್ಚಿ ತನ್ನ ತಲೆಗೆ ಹಾಕಿಕೊಂಡಳು. ಮೊದಲನೆಯದನ್ನು ಮಂಗಳಾಳ ತಲೆಗೆ ತಾನೇ ಸಿಕ್ಕಿಸಿದಳು.

"ಇಬ್ಬರೂ ಕಲಿಸಿ ಕೇಳ್ಬೇಕಂತೆ" ಅಂದಳು.

ಟೇಪು ತಿರುಗಿತು. ಸುತ್ತಿಗೆ, ಗರಗಸ, ಆಟೋನಗರ ಎಲ್ಲ ಎಲ್ಲೋ ದೂರ ಸರಿಯಿತು. ಗಂಡನ ಧ್ವನಿ ಕಿವಿಯಲ್ಲಲ್ಲ, ತಲೆಯ ನಡುಮಧ್ಯದಲ್ಲೇ ಮಾತಾಡಿತು. ನಡುಮನೆಯ ಆ ದೊಡ್ಡ ಪೆಟ್ಟಿಗೆಯಲ್ಲಿ ಬರುತ್ತಿದ್ದ ಧ್ವನಿಯೇ ಅಲ್ಲ ಇದು. ಅಲ್ಲಿ ಅವನು ಊರಿಗೆ ಕೂಗುತ್ತಿದ್ದ, ಇಲ್ಲಿ ಉಸಿರು ಕೂಡ ಕೇಳುತ್ತಿತ್ತು. ಊಟ ಆಯ್ತೇನೆ, ಅಂದ. ಮಗ್ಗುಲಲ್ಲಿ ನೀನಿಲ್ಲದೆ ಸಮುದ್ರ ನೋಡೋಕೆ ಬೇಜಾರು, ಅಂದ. ಚಂಪಾಳ ಕಣ್ಣು ತಡೆಯಿಲ್ಲದೆ ಸುರಿಯಿತು. ಕೆರೆ ಬಂತು, ಹುರುಳಿ ಸಾರು ಬಂತು. ಆಮೇಲೆ ಅವನ ಧ್ವನಿ ತಗ್ಗಿತು.

"ಈಗ ಸುತ್ತ ಯಾರೂ ಇಲ್ಲ. ಡೆಕ್ಕಿನ ತುದೀಲಿ ನಿಂತಿದೀನಿ. ನೀನು ಕೇಳಿದ್ಯಲ್ಲ, ಅದು..."

ಬರೀ ಗಾಳಿಯ ಸದ್ದು ಕೇಳಿತು. ಮಂಗಳಾಳ ಬೆರಳು ಕಿತ್ತಳೆ ಬಣ್ಣದ ಗುಂಡಿಯನ್ನು ಒತ್ತಿತು. ಗಾಳಿ ಸಣ್ಣಗಾಯಿತು, ಅದರ ಮೇಲೆ, ಅದೇ ಪೆಟ್ಟಿಗೆಯೊಳಗಿಂದ, ಅದೇ ತಿಪಟೂರಿನ ಎಳೆತದಲ್ಲಿ, ಅಣ್ಣ ಹೇಗೆ ಉಸಿರು ತೆಗೆದುಕೊಂಡಿದ್ದನೋ ಹಾಗೇ ಉಸಿರು ತೆಗೆದುಕೊಂಡು, ತಂಗಿಯ ಧ್ವನಿ ಬಂತು.

"ಚಂಪೀ... ಏ ಚಂಪೀ..."

ಬೆರಳು ಎತ್ತಿದಳು. ಇಂದುಧರ ಸಂಕೋಚದಿಂದ ನಗುತ್ತಿದ್ದ. "ಸಾಕಾ? ಸಮಾಧಾನ ಆಯ್ತಾ?"

ಚಂಪಾ ಕಣ್ಣು ತೆರೆಯಲಿಲ್ಲ. ತಡವರಿಸಿ ಆ ಗುಂಡಿಯನ್ನು ಹುಡುಕಿ, ತನ್ನ ಬೆರಳಿನಿಂದ ಒತ್ತಿ ಹಿಡಿದು, ಪೆಟ್ಟಿಗೆಯ ಹತ್ತಿರ ಬಾಯಿ ತಂದು, "ಓ..." ಅಂದಳು.

ಮಂಗಳಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಎಷ್ಟೋ ವರ್ಷಗಳ ಮೇಲೆ ಅವಳು ಕೂಗಿದ್ದಕ್ಕೆ ಯಾರೋ ಓಗೊಟ್ಟಿದ್ದರು. ಆ ಓ ಇಬ್ಬರ ಕಿವಿಯಲ್ಲೂ ಆಯಿತು, ಅಲ್ಲಿಗೆ ಮುಗಿಯಿತು. ಆ ಪೆಟ್ಟಿಗೆಗೆ ರಿಕಾರ್ಡ್ ಮಾಡಲು ಬರುತ್ತಿರಲಿಲ್ಲ.